ತೋಳಿನ ಮೇಲಿನ ಸಕ್ಕರೆ ಸೆನ್ಸರ್: ಭಯ ಯಾವುದಕ್ಕೆ, ಎಚ್ಚರ ಎಲ್ಲಿ?

ಮಧುಮೇಹವಿರುವವರ ಮೇಲ್ತೋಳಿನ ಹಿಂಭಾಗದಲ್ಲಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿ ಬಿಲ್ಲೆಯೊಂದನ್ನು ನೀವು ನೋಡಿರಬಹುದು. ಹೈದರಾಬಾದಿನಲ್ಲೋ ಗಲ್ಫಿನಲ್ಲೋ ಇರುವ ಮಗ ಹುಮನಾಬಾದಿನ ಅಬ್ಬಾ ಅವರಿಗಾಗಿ ತಂದುಕೊಟ್ಟದ್ದಿರಬಹುದು. ಅದು ಚರ್ಮದ ಕೆಳಗಿನ ದ್ರವದಲ್ಲಿರುವ ಸಕ್ಕರೆಯನ್ನು ಅಳೆದು ಫೋನಿಗೆ ತಿಳಿಸುತ್ತದೆ. ಮನೆಯವರ ಮೊದಲ ಪ್ರಶ್ನೆ ಒಂದೇ: ಹಗಲೂ ರಾತ್ರಿ ಮೈಗೆ ಅಂಟಿಕೊಂಡಿರುವ ಇದರಿಂದ ರೇಡಿಯೇಷನ್ ಆಗುವುದಿಲ್ಲವೇ?

ತರಂಗ ಹೊರಡುವುದು ನಿಜ, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ. ಬ್ಲೂಟೂತ್ ಬಳಸುವ ಇಂತಹ ಸಾಧನಗಳ ಶಕ್ತಿ ಸಾಮಾನ್ಯವಾಗಿ 1ರಿಂದ 10 ಮಿಲಿವ್ಯಾಟ್, ಅದೂ ಆಗೊಮ್ಮೆ ಈಗೊಮ್ಮೆ ಕ್ಷಣಕಾಲ. ಟವರ್ ದೂರವಿದ್ದಾಗ ಕಿವಿಗಿಟ್ಟ 4ಜಿ ಫೋನ್ ಸುಮಾರು 200 ಮಿಲಿವ್ಯಾಟ್‌ವರೆಗೆ ಹೊರಸೂಸಬಲ್ಲದು. ಆ ಫೋನಿಗೂ ನಮ್ಮ ದೇಶದಲ್ಲಿ ಮಿತಿಯಿದೆ. 2012ರ ಸೆಪ್ಟೆಂಬರ್ 1ರಿಂದ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ಮೀರುವಂತಿಲ್ಲ. ನಿಮ್ಮ ಫೋನಿನಲ್ಲಿ *#07# ಒತ್ತಿದರೆ ಈ ಅಂಕಿ ಕಾಣಿಸುತ್ತದೆ. ಬಿಲ್ಲೆಗೆ ಹೆದರಿ ಫೋನನ್ನು ದಿಂಬಿನಡಿ ಇಟ್ಟುಕೊಂಡು ಮಲಗುವುದು ಲೆಕ್ಕಕ್ಕೆ ಕೂಡುವ ಮಾತಲ್ಲ.

ಮೈಮೇಲಿನ ಆಂಟೆನಾ ಮಾಡುವವರ ದೊಡ್ಡ ತಲೆನೋವು ಬೇರೆಯೇ ಇದೆ. ನಮ್ಮ ದೇಹದ ಬಹುಪಾಲು ನೀರು, 2.4 ಗಿಗಾಹರ್ಟ್ಸ್‌ನ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡಿದ ಆಂಟೆನಾ ಚರ್ಮಕ್ಕೆ ತಾಗಿದ ಕೂಡಲೇ ಶ್ರುತಿ ತಪ್ಪುತ್ತದೆ. ಅದಕ್ಕೆ ಒಂದು ಉಪಾಯ ಮೈಕ್ರೋಸ್ಟ್ರಿಪ್ ಆಂಟೆನಾ: ತೆಳು ಹಾಳೆಯ ಒಂದು ಬದಿಗೆ ಲೋಹದ ಪಟ್ಟಿ, ಮೈ ಕಡೆಯ ಬದಿಗೆ ಪೂರ್ತಿ ಲೋಹದ ಹೊದಿಕೆ. ತರಂಗ ಹೆಚ್ಚಾಗಿ ಹೊರಗೆ ಹೋಗುತ್ತದೆ, ಮೈಗೆ ಇಳಿಯುವುದು ಕಡಿಮೆ. ಈ ಬಗೆಯ ಆಂಟೆನಾಗಳ ಸಂಶೋಧನೆ ನಮ್ಮ ಪಕ್ಕದ ಕಲಬುರಗಿಯಲ್ಲೇ, ಗುಲ್ಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ವರ್ಷಗಳಿಂದ ನಡೆದಿದೆ.

ಎಷ್ಟೇ ಜಾಣತನದಿಂದ ಮಾಡಿದರೂ ದೇಹ ಅಡ್ಡ ಬಂದರೆ ಸಿಗ್ನಲ್ ಸೋಲುತ್ತದೆ. ನಿಜವಾದ ಅಪಾಯ ಇಲ್ಲಿದೆ. ಬಿಲ್ಲೆ ಇರುವ ತೋಳನ್ನೇ ಕೆಳಗೆ ಹಾಕಿ ಮಲಗಿದರೆ, ಫೋನ್ ಗೋಡೆಯಾಚೆ ಚಾರ್ಜಿಗಿದ್ದರೆ, ನಡುರಾತ್ರಿ ಸಕ್ಕರೆ ಕುಸಿದರೂ ಅಲಾರಂ ಬಾರದೆ ಹೋಗಬಹುದು. ಫೋನನ್ನು ಅದೇ ಕೋಣೆಯಲ್ಲಿ, ಕೈಗೆಟಕುವ ಮೇಜಿನ ಮೇಲಿಡಿ. ಮೌನಕ್ಕೆ ಹಾಕಬೇಡಿ. ಇನ್ನೊಂದು ಮಾತು: ಕೆಲವು ಸೆನ್ಸರ್‌ಗಳು ತಾವಾಗಿ ಏನನ್ನೂ ಕಳಿಸುವುದಿಲ್ಲ, ಫೋನನ್ನು ಹತ್ತಿರ ಹಿಡಿದಾಗ ಮಾತ್ರ ಓದು ಕೊಡುತ್ತವೆ. ಅಂಥದ್ದರಲ್ಲಿ ಅಲಾರಮೇ ಇರುವುದಿಲ್ಲ. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ.

ರಮಝಾನಿನಲ್ಲಿ ಇದು ಇನ್ನೂ ಮುಖ್ಯ. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಸೆನ್ಸರಿನ ಅಂಕಿ ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಬೆವರು, ನಡುಕ, ತಲೆಸುತ್ತು ಇದ್ದು ಫೋನ್ ಎಲ್ಲ ಸರಿಯಿದೆ ಎನ್ನುತ್ತಿದ್ದರೆ ಬೆರಳಿನ ರಕ್ತ ತೆಗೆದು ನೋಡಿ. ಮಗ್ರಿಬ್‌ಗೆ ಹತ್ತೇ ನಿಮಿಷ ಇದೆಯೆಂದು ತಡೆದುಕೊಳ್ಳಬೇಡಿ.

ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರ ವಿಷಯ ಬೇರೆ. ಹೊಸ ಫೋನುಗಳಲ್ಲಿ, ಕೆಲವು ಫೋನ್ ಕವರ್‌ಗಳಲ್ಲಿ ಬಲವಾದ ಆಯಸ್ಕಾಂತ ಇರುತ್ತದೆ. ಅದು ಪೇಸ್‌ಮೇಕರಿನ ಕೆಲಸದ ರೀತಿಯನ್ನೇ ಬದಲಿಸಬಲ್ಲದು. ಅಂಥವರು ಕುರ್ತಾದ ಎದೆ ಜೇಬಿನಲ್ಲಿ ಫೋನ್ ಇಡಬಾರದು. ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ.

ಎಂಆರ್‌ಐ ಮಾಡಿಸಬೇಕಿದ್ದರೆ ಮೈಮೇಲೆ ಸೆನ್ಸರ್ ಇದೆಯೆಂದು ಅಲ್ಲಿನವರಿಗೆ ಮೊದಲೇ ಹೇಳಿ, ಸಾಮಾನ್ಯವಾಗಿ ತೆಗೆಸುತ್ತಾರೆ. ಅಂಟಿಸುವ ಮುನ್ನ ಚರ್ಮಕ್ಕೆ ಎಣ್ಣೆ ಹಚ್ಚಬೇಡಿ, ತೊಳೆದು ಪೂರ್ತಿ ಒಣಗಿಸಿ. ವುಝೂವಿನಲ್ಲಿ ಮೊಣಕೈವರೆಗೆ ತೊಳೆಯುವುದರಿಂದ ಬಿಲ್ಲೆ ಅಡ್ಡ ಬರುವುದಿಲ್ಲ. ಕೆಂಪಾಗಿ ತುರಿಕೆಯೆದ್ದರೆ ತೆಗೆದು ವೈದ್ಯರಿಗೆ ತೋರಿಸಿ, ಮುಂದಿನದನ್ನು ಇನ್ನೊಂದು ತೋಳಿಗೆ ಹಾಕಿ. ಅವಧಿ ಮುಗಿದ ಬಿಲ್ಲೆಗೆ ರಕ್ತ ತಾಗಿದ ಸಣ್ಣ ಎಳೆ ಇರುತ್ತದೆ. ಹಾಗೇ ಕಸಕ್ಕೆ ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ.