ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್

ಯಾವುದೋ ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ, ವರದಿಯ ಕೊನೆಯಲ್ಲಿ 'ಫ್ಯಾಟಿ ಲಿವರ್' ಎಂದು ಬರೆದಿರುವುದನ್ನು ಕಂಡು ನೀವು ಗಾಬರಿಗೊಂಡಿರಬಹುದು. ಗಾಬರಿಗಿಂತ ಹೆಚ್ಚು ಮುಜುಗರ. ಲಿವರ್ ಕೆಡುವುದು ಕುಡುಕರಿಗೆ ಎಂದೇ ಕೇಳಿ ಬೆಳೆದವರು ನಾವು. ಹಾಗಾಗಿ ಕೆಲವರು ಆ ವರದಿಯನ್ನು ಮನೆಯವರಿಗೂ ತೋರಿಸದೆ ಮಡಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಹನಿ ಮದ್ಯ ಮುಟ್ಟದವರ ಯಕೃತ್ತಿನಲ್ಲೂ ಕೊಬ್ಬು ತುಂಬುತ್ತದೆ. ಬೊಜ್ಜು, ಮಧುಮೇಹ, ಮೈ ಬಗ್ಗಿಸದ ದಿನಚರಿ ಇದಕ್ಕೆ ಕಾರಣ. ಅತಿಯಾದ ಸಕ್ಕರೆಯೂ ಒಂದು ಕಾರಣ. ಆದರೆ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ದೇಹ ಬಳಸಿಕೊಳ್ಳುತ್ತದೆ. ಫ್ರಕ್ಟೋಸಿನ ಹೊರೆ ಬೀಳುವುದು ಬಹುಪಾಲು ಯಕೃತ್ತಿನ ಮೇಲೆ. ಮಿತಿಮೀರಿ ಬಂದುದನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಆ ಕೊಬ್ಬಿನಲ್ಲಿ ಸ್ವಲ್ಪ ಅಲ್ಲೇ ಉಳಿಯುತ್ತದೆ, ಸ್ವಲ್ಪ ಟ್ರೈಗ್ಲಿಸರೈಡ್ ಆಗಿ ರಕ್ತ ಸೇರುತ್ತದೆ. ವರ್ಷಗಟ್ಟಲೆ ನೋವಿಲ್ಲ, ಲಕ್ಷಣವಿಲ್ಲ. ಕೆಲವರಲ್ಲಿ ಮಾತ್ರ ಉರಿಯೂತ ಶುರುವಾಗಿ, ಯಕೃತ್ತು ಗಟ್ಟಿಯಾಗುತ್ತಾ ಸಿರೋಸಿಸ್‌ವರೆಗೂ ಹೋಗುತ್ತದೆ.

"ನಾನು ಸಿಹಿ ತಿನ್ನುವುದೇ ಇಲ್ಲ" ಎನ್ನುತ್ತೀರಾ? ತಿನ್ನದಿರಬಹುದು, ಕುಡಿಯುತ್ತಿದ್ದೀರಿ! ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ, ಸುಮಾರು 32 ಗ್ರಾಂ. ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಿಹಿ ಎಲ್ಲವೂ ಸೇರಿ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂಗಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕ. 300 ಮಿ.ಲೀ. ಕೋಲಾದಲ್ಲೇ ಮತ್ತೆ ಎಂಟು ಚಮಚದಷ್ಟು ಸಕ್ಕರೆಯಿದೆ. ಮದುವೆ ಮನೆಯ ವೆಲ್ಕಮ್ ಡ್ರಿಂಕ್ ಬೇರೆ.

ಇನ್ನು ಇಫ್ತಾರ್. ದಿನವಿಡೀ ಬಾಯಾರಿದವರ ಕೈಗೆ ಬಣ್ಣದ ಶರಬತ್ತು ಸಿಕ್ಕರೆ ಒಂದು ಲೋಟಕ್ಕೆ ನಿಲ್ಲುವುದುಂಟೇ? ಕುಡಿದ ಸಿಹಿ ಹೊಟ್ಟೆ ತುಂಬಿಸುವುದಿಲ್ಲ, ಆಮೇಲಿನ ಸಮೋಸವನ್ನೂ ಕಡಿಮೆ ಮಾಡುವುದಿಲ್ಲ. ಖರ್ಜೂರವೂ ಸಿಹಿಯಲ್ಲವೇ ಎಂದು ನೀವು ಕೇಳಬಹುದು. ಸಿಹಿಯೇ. ಆದರೆ ಅದರಲ್ಲಿ ನಾರಿದೆ, ಜಗಿದು ತಿನ್ನಬೇಕು, ಎರಡು ಮೂರಕ್ಕೆ ಸಾಕೆನಿಸುತ್ತದೆ. ಖರ್ಜೂರ ತಿಂದು ನೀರು ಕುಡಿಯಿರಿ, ದಾಹ ಅದರಿಂದಲೇ ತಣಿಯುತ್ತದೆ. ಮಧುಮೇಹಿಗಳು ಖರ್ಜೂರವನ್ನೂ ಎಣಿಸಿಯೇ ತಿನ್ನಬೇಕು.

ಸಮಾಧಾನದ ಮಾತೆಂದರೆ, ಆರಂಭದಲ್ಲೇ ಎಚ್ಚೆತ್ತರೆ ಈ ಕೊಬ್ಬು ಕರಗುತ್ತದೆ. 80 ಕಿಲೋ ತೂಕವಿರುವವರು ನಿಧಾನವಾಗಿ ಆರರಿಂದ ಎಂಟು ಕಿಲೋ ಇಳಿಸಿದರೆ ಯಕೃತ್ತು ಬಹಳ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಚಹಾದ ಸಕ್ಕರೆಯನ್ನು ಒಮ್ಮೆಲೇ ಬಿಡಲು ಹೋದವರು ಮೂರನೇ ದಿನಕ್ಕೆ ಸೋಲುವುದೇ ಹೆಚ್ಚು. ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಸಕ್ಕರೆ ಬಿಟ್ಟು ಅಷ್ಟೇ ಬೆಲ್ಲ ಹಾಕಿದರೆ ಯಕೃತ್ತಿಗೆ ಏನೂ ವ್ಯತ್ಯಾಸವಿಲ್ಲ. ಚಹಾ ಕುದಿಸುವಾಗಲೇ ಸಕ್ಕರೆ ಸುರಿಯುವ ಬದಲು ಡಬ್ಬಿಯನ್ನು ಪಕ್ಕದಲ್ಲಿಡಿ. ಬೇಕಾದ ನೆಂಟರು ಬೇಕಾದಷ್ಟು ಹಾಕಿಕೊಳ್ಳಲಿ.