ಕೃತಕ ಹೃದಯಕವಾಟ ಹೊಂದಿದವರ ಪಥ್ಯ ಮತ್ತು ಎಚ್ಚರಿಕೆ

ಶಿರಸ್ಸು, ಹೃದಯ ಮತ್ತು ಬಸ್ತಿ (ಮೂತ್ರಾಶಯ) ಎಂಬ ಮೂರನ್ನು ಚರಕಾಚಾರ್ಯರು ಪ್ರಧಾನ ಮರ್ಮಗಳೆಂದು ಕರೆದಿದ್ದಾರೆ. ಈ ಮೂರರ ರಕ್ಷಣೆಯೇ ಪ್ರಾಣರಕ್ಷಣೆ ಎಂಬುದು ಅವರ ಅಭಿಪ್ರಾಯ. ಇಂದು ಶಸ್ತ್ರವೈದ್ಯರು ಹೃದಯವೆಂಬ ಮರ್ಮಸ್ಥಾನವನ್ನೇ ತೆರೆದು, ಕೆಟ್ಟುಹೋದ ಕವಾಟವನ್ನು ತೆಗೆದು, ಅಲ್ಲಿ ಕೃತಕ ಕವಾಟವನ್ನು ಜೋಡಿಸುತ್ತಿದ್ದಾರೆ. ಸರಗೂರು, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿಯೂ ಇಂತಹ ಕವಾಟ ಧರಿಸಿ ಬದುಕುತ್ತಿರುವವರಿದ್ದಾರೆ. ಶಸ್ತ್ರಚಿಕಿತ್ಸೆ ಒಂದು ದಿನದ ಕಾರ್ಯ. ಅನಂತರದ ಪಾಲನೆ ಜೀವಮಾನದ ವ್ರತ. ಆ ವ್ರತದ ನಿಯಮಗಳನ್ನು ಭಕ್ತಾದಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕವಾಟ ಕೆಡುವುದೇಕೆ?

ಹೃದಯದ ನಾಲ್ಕು ಕವಾಟಗಳು ರಕ್ತವು ಮುಂದಕ್ಕೆ ಮಾತ್ರ ಹರಿಯುವಂತೆ ನೋಡಿಕೊಳ್ಳುತ್ತವೆ. ನಮ್ಮ ಭಾಗದಲ್ಲಿ ಎಳೆಯ ವಯಸ್ಸಿನವರ ಕವಾಟ ಕೆಡುವುದಕ್ಕೆ ಮುಖ್ಯ ಕಾರಣ ಸಂಧಿವಾತ ಜ್ವರ. ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲುನೋವು ಬರುತ್ತದೆ. ಕೆಲವರಲ್ಲಿ ಎರಡು ಮೂರು ವಾರಗಳ ಅನಂತರ ಜ್ವರ ಮತ್ತು ಕೀಲುನೋವು ಕಾಣಿಸಿಕೊಳ್ಳುತ್ತವೆ. ಕೀಲುನೋವು ವಾಸಿಯಾಗುತ್ತದೆ, ಆದರೆ ಕವಾಟಕ್ಕೆ ತಗುಲಿದ ಗಾಯ ಉಳಿದು ವರ್ಷಗಳು ಕಳೆದಂತೆ ಕವಾಟವು ಕಿರಿದಾಗುತ್ತದೆ ಅಥವಾ ಸೋರತೊಡಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಗರ್ಭಿಣಿಯಾದಾಗ ಉಸಿರುಕಟ್ಟುವಿಕೆ ಇವು ಅನೇಕರಲ್ಲಿ ಮೊದಲು ಕಾಣುವ ಲಕ್ಷಣಗಳು.

ಕೃತಕ ಕವಾಟ ಮತ್ತು ವಲಿಯತ್ತಾನರು

ಈ ವಿಷಯದಲ್ಲಿ ಸ್ಮರಿಸಬೇಕಾದ ಹೆಸರು ಡಾ. ಎಂ. ಎಸ್. ವಲಿಯತ್ತಾನ್. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಅವರ ನೇತೃತ್ವದಲ್ಲಿ ಭಾರತದ್ದೇ ಆದ ಕೃತಕ ಕವಾಟ ಸಿದ್ಧವಾಯಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನಾಲ್ಕನೆಯದು ನಿಂತಿತು, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅದನ್ನು ಜೋಡಿಸಲಾಯಿತು. ಮಿಶ್ರಲೋಹದ ಚೌಕಟ್ಟಿನಲ್ಲಿ ಗಟ್ಟಿಯಾದ ಪ್ಲಾಸ್ಟಿಕ್ ಬಿಲ್ಲೆಯೊಂದು ಓರೆಯಾಗಿ ತೆರೆದು ಮುಚ್ಚುವುದು ಇದರ ರಚನೆ. ವಲಿಯತ್ತಾನರು ಮುಂದೆ ಮಣಿಪಾಲದಲ್ಲಿ ಕುಲಪತಿಗಳಾಗಿದ್ದು, ಅನಂತರ ಚರಕ, ಸುಶ್ರುತ, ವಾಗ್ಭಟರ ಗ್ರಂಥಗಳನ್ನು ಆಳವಾಗಿ ಅಭ್ಯಸಿಸಿ ಮೂರು ದೊಡ್ಡ ಗ್ರಂಥಗಳನ್ನು ರಚಿಸಿದರು. ಹೃದಯ ಶಸ್ತ್ರಚಿಕಿತ್ಸೆ ಮತ್ತು ಆಯುರ್ವೇದ ಪರಸ್ಪರ ವೈರಿಗಳಲ್ಲ ಎಂಬುದಕ್ಕೆ ಅವರ ಬದುಕೇ ನಿದರ್ಶನ.

ಮಾತ್ರೆ ಏಕೆ ಬೇಕು?

ಯಾಂತ್ರಿಕ ಕವಾಟ ಎಷ್ಟೇ ನಯವಾಗಿದ್ದರೂ ದೇಹಕ್ಕೆ ಅದು ಪರಕೀಯ ವಸ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟಲು ಯತ್ನಿಸುತ್ತದೆ. ಹೆಪ್ಪು ಕವಾಟವನ್ನು ಸಿಕ್ಕಿಸಬಹುದು, ತುಂಡಾಗಿ ಮಿದುಳಿಗೆ ಹೋಗಿ ಪಾರ್ಶ್ವವಾಯುವನ್ನೂ ತರಬಹುದು. ಇದನ್ನು ತಡೆಯಲು ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು.

"ಅದು ಇಲಿ ಪಾಷಾಣ, ಬಿಟ್ಟುಬಿಡಿ" ಎಂದು ಹೆದರಿಸುವವರಿದ್ದಾರೆ. ಈ ಮಾತಿನ ಹಿನ್ನೆಲೆ ತಿಳಿದರೆ ಭಯ ಹೋಗುತ್ತದೆ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಷ್ಟು ಹಿಡಿದ ಒಂದು ಬಗೆಯ ಒಣಹುಲ್ಲನ್ನು ತಿಂದು ರಕ್ತಸ್ರಾವದಿಂದ ಸಾಯುತ್ತಿದ್ದವು. 1933ರಲ್ಲಿ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತವನ್ನೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಒಯ್ದ. ಅಲ್ಲಿ ಕಾರ್ಲ್ ಲಿಂಕ್ ಎಂಬ ವಿಜ್ಞಾನಿ ಆ ಹುಲ್ಲಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಬೆಳೆದುಬಂದ ವಾರ್ಫರಿನ್ 1948ರಲ್ಲಿ ಇಲಿಗಳನ್ನು ಕೊಲ್ಲಲು ಬಳಕೆಗೆ ಬಂದಿತು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ನಮ್ಮ ಶಾಸ್ತ್ರದಲ್ಲಿಯೂ ವತ್ಸನಾಭಿಯಂತಹ ವಿಷ ಶುದ್ಧಿಗೊಂಡು ತಕ್ಕ ಮಾತ್ರೆಯಲ್ಲಿ ಔಷಧಿಯಾಗುತ್ತದೆ. ಇಲ್ಲಿಯೂ ಪ್ರಮಾಣವೇ ಮುಖ್ಯ.

ಆ ಪ್ರಮಾಣವನ್ನು ಅಳೆಯುವುದು ಐಎನ್‌ಆರ್ ಎಂಬ ರಕ್ತಪರೀಕ್ಷೆ. ಮಾತ್ರೆ ಸೇವಿಸದವರಲ್ಲಿ ಅದು ಸುಮಾರು 1 ಇರುತ್ತದೆ. ಯಾಂತ್ರಿಕ ಕವಾಟದವರಲ್ಲಿ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಕವಾಟವಾದರೆ 2.5ರಿಂದ 3.5 ಇರಬೇಕು. ತಮ್ಮ ಗುರಿ ಎಷ್ಟೆಂಬುದನ್ನು ಹೃದಯವೈದ್ಯರಿಂದ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಸಂಖ್ಯೆ ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಪ್ರಮಾಣ ಸ್ಥಿರವಾದ ಮೇಲೂ ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸರಗೂರಿನಿಂದ ಮೈಸೂರಿಗೆ 50 ಕಿಲೋಮೀಟರಿಗೂ ಹೆಚ್ಚು ದೂರ, ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ನಿಜ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆಗುತ್ತದೆಂದು ವಿಚಾರಿಸಿಟ್ಟುಕೊಂಡು, ಫಲಿತಾಂಶವನ್ನು ದೂರವಾಣಿಯಲ್ಲಿ ವೈದ್ಯರಿಗೆ ತಿಳಿಸಿ ಪ್ರಮಾಣ ಕೇಳುವ ಏರ್ಪಾಟು ಮಾಡಿಕೊಂಡರೆ ಪ್ರಯಾಣ ತಗ್ಗುತ್ತದೆ.

ಮಾತ್ರೆಯನ್ನು ಪ್ರತಿದಿನ ಒಂದೇ ಹೊತ್ತಿನಲ್ಲಿ ಸೇವಿಸಬೇಕು. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು, ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಬಾರದು. ಪರೀಕ್ಷೆ ಬೇಡದ ಹೊಸ ರಕ್ತ ತೆಳುಗೊಳಿಸುವ ಮಾತ್ರೆಗಳು ಬಂದಿವೆಯಾದರೂ ಅವು ಯಾಂತ್ರಿಕ ಕವಾಟದವರಿಗೆ ಸಲ್ಲವೆಂದು ಪ್ರಯೋಗಗಳು ತೋರಿಸಿವೆ. ನೆರೆಯವರಿಗೆ ಕೊಟ್ಟಿದ್ದಾರೆಂದು ಬದಲಿಸಿಕೊಳ್ಳಬಾರದು.

ಸೊಪ್ಪು ಬಿಡಬೇಕೆ?

ಈ ಮಾತ್ರೆ ಯಕೃತ್ತಿನಲ್ಲಿ 'ಕೆ' ಜೀವಸತ್ವದ ಕೆಲಸವನ್ನು ತಡೆದು ಹೆಪ್ಪುಗಟ್ಟುವ ಶಕ್ತಿಯನ್ನು ಕುಗ್ಗಿಸುತ್ತದೆ. ಹಸಿರು ಸೊಪ್ಪುಗಳಲ್ಲಿ ಅದೇ ಜೀವಸತ್ವ ಹೇರಳವಾಗಿದೆ. ಆದುದರಿಂದ ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ತಗ್ಗುತ್ತದೆ.

ನಮ್ಮ ಸೀಮೆಯ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಮುಂಗಾರು ಬಿದ್ದೊಡನೆ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಚಿಗುರುತ್ತದೆ. ಮನೆಮನೆಯಲ್ಲಿ ಬಸ್ಸಾರು, ಮಸ್ಸೊಪ್ಪು, ನುಗ್ಗೆಸೊಪ್ಪಿನ ಪಲ್ಯ. ಬೇಸಿಗೆಯಲ್ಲಿ ಹುರುಳಿಸಾರು, ಉಪ್ಸಾರಿಗೆ ಮರಳುತ್ತೇವೆ. ಏಪ್ರಿಲ್‌ನಲ್ಲಿ ಸರಿಯಾಗಿದ್ದ ಐಎನ್‌ಆರ್ ಜುಲೈನಲ್ಲಿ ಇಳಿಯಲು ಇಷ್ಟು ಸಾಕು. ಕಪಿಲಾ ತೀರದ ಹಳ್ಳಿಯೊಂದರ ಮೂವತ್ತೈದರ ಪ್ರಾಯದ ತಾಯಿಯೊಬ್ಬರು ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ, ಆದರೂ ಮಳೆಗಾಲದಲ್ಲಿ ಅವರ ಸಂಖ್ಯೆ 1.4ಕ್ಕೆ ಇಳಿದಿತ್ತು. ವಿಚಾರಿಸಿದಾಗ ತಿಂಗಳಿಂದ ಎರಡು ಹೊತ್ತೂ ಸೊಪ್ಪಿನ ಸಾರೇ ಎಂದರು. ಕೂಡಲೇ ಹೃದಯವೈದ್ಯರನ್ನು ಕಂಡದ್ದರಿಂದ ಅನಾಹುತ ತಪ್ಪಿತು.

ಹಾಗೆಂದು ಸೊಪ್ಪನ್ನು ಪೂರ್ತಿ ಬಿಡಬಾರದು. ಬಿಟ್ಟವರಲ್ಲಿ ಸಂಖ್ಯೆ ಏರುಪೇರಾಗುವುದು ಇನ್ನೂ ಹೆಚ್ಚು. ಸೂತ್ರವೊಂದೇ: ವರ್ಷವಿಡೀ ವಾರಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ. ಮುದ್ದೆ, ಅನ್ನ, ಬೇಳೆ, ಮಜ್ಜಿಗೆಗೆ ಅಡ್ಡಿಯಿಲ್ಲ. ಶಿವರಾತ್ರಿಯ ಉಪವಾಸ, ಸೋಮವಾರದ ಒಪ್ಪೊತ್ತು ಮುಂತಾದವುಗಳಲ್ಲಿ ಆಹಾರ ತಗ್ಗಿದರೆ ಮಾತ್ರೆಯ ಬಲ ಏರುತ್ತದೆ. ಇವರು ದೀರ್ಘ ಉಪವಾಸ ಮಾಡದೆ ಪ್ರಸಾದ ಸ್ವೀಕರಿಸುವುದೇ ಉಚಿತ. ಸುತ್ತೂರು ಜಾತ್ರೆಗಾಗಲಿ, ಮಹದೇಶ್ವರ ಬೆಟ್ಟಕ್ಕಾಗಲಿ ಹೊರಡುವಾಗ ಮಾತ್ರೆ ಮತ್ತು ಪುಸ್ತಕ ಜೊತೆಯಲ್ಲಿರಲಿ.

ಆಯುರ್ವೇದ ಔಷಧಿಗಳ ವಿಷಯ

"ಗಿಡಮೂಲಿಕೆಯಲ್ಲವೇ, ತೊಂದರೆಯಿಲ್ಲ" ಎಂಬ ಮಾತನ್ನು ಆಯುರ್ವೇದ ವೈದ್ಯನಾದ ನಾನೇ ಒಪ್ಪುವುದಿಲ್ಲ. ಅಡುಗೆಯ ಅರಿಶಿನ, ಶುಂಠಿ, ಬೆಳ್ಳುಳ್ಳಿಗೆ ಹೆದರಬೇಕಿಲ್ಲ. ಆದರೆ ಲಶುನ ಕ್ಷೀರಪಾಕ, ಅರಿಶಿನದ ಸಾರದ ಕ್ಯಾಪ್ಸೂಲ್, ಗುಗ್ಗುಲು ಕಲ್ಪಗಳು, ಹೆಚ್ಚಿನ ಪ್ರಮಾಣದ ಶುಂಠಿ ಇವು ರಕ್ತಸ್ರಾವದ ಸಂಭವವನ್ನು ಹೆಚ್ಚಿಸಬಲ್ಲವು. ಹೊಳೆಮತ್ತಿ, ಅಂದರೆ ಅರ್ಜುನದ ತೊಗಟೆ ಹೃದ್ಯವೆಂದು ಪ್ರಸಿದ್ಧ. ಆದರೆ ಅದು ಕವಾಟದ ಮೇಲಿನ ಹೆಪ್ಪನ್ನು ತಡೆಯಲಾರದು, ಮಾತ್ರೆಗೆ ಬದಲಿಯಾಗಲಾರದು. ಆಸವ ಅರಿಷ್ಟಗಳಲ್ಲಿ ಸಹಜವಾಗಿಯೇ ಮದ್ಯಸಾರವಿರುತ್ತದೆ. ಅದೂ ಮಾತ್ರೆಯ ಪ್ರಭಾವವನ್ನು ಏರುಪೇರು ಮಾಡುತ್ತದೆ.

ರಕ್ತಮೋಕ್ಷಣ ಮತ್ತು ಜಿಗಣೆ ಚಿಕಿತ್ಸೆ ಇವರಿಗೆ ಸಂಪೂರ್ಣ ನಿಷಿದ್ಧ. ಜಿಗಣೆಯ ಜೊಲ್ಲೇ ಹೆಪ್ಪನ್ನು ತಡೆಯುವಂಥದು, ಹೀಗಿರುವಾಗ ಕಚ್ಚಿದ ಜಾಗದ ರಕ್ತ ನಿಲ್ಲುವುದೇ ಕಷ್ಟ. ವಮನ, ವಿರೇಚನಗಳಿಂದ ಮಾತ್ರೆ ಹೀರಿಕೆಯಾಗದೆ ಹೋಗಬಹುದು. ಗಟ್ಟಿಯಾಗಿ ತಿಕ್ಕುವ ಮರ್ದನದಿಂದ ಚರ್ಮದಡಿಯಲ್ಲಿ ರಕ್ತ ಕಟ್ಟುತ್ತದೆ. ಯಾವ ವೈದ್ಯರ ಬಳಿಗೆ ಹೋದರೂ "ನನ್ನ ಹೃದಯದಲ್ಲಿ ಕೃತಕ ಕವಾಟವಿದೆ" ಎಂಬುದೇ ಮೊದಲ ಮಾತಾಗಿರಲಿ.

ಅಂಗಡಿಯಲ್ಲಿ ಕೊಳ್ಳುವ ನೋವಿನ ಮಾತ್ರೆಗಳೂ ಅಪಾಯಕಾರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಕೆಲವು ಜೀವಿರೋಧಕಗಳು ಮಾತ್ರೆಯ ಬಲವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಬಹಳವಾಗಿ ಇಳಿಸುತ್ತದೆ. ಹೊಸ ಔಷಧಿ ಆರಂಭವಾದಾಗಲೂ ನಿಂತಾಗಲೂ ಐಎನ್‌ಆರ್ ನೋಡಿಸಬೇಕು.

ಅಪಾಯದ ಸೂಚನೆಗಳು

ಯಾಂತ್ರಿಕ ಕವಾಟ ಗಡಿಯಾರದಂತೆ ಟಿಕ್ ಟಿಕ್ ಸದ್ದು ಮಾಡುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದವರಿಗೂ ಅದು ಕೇಳಿಸುವುದುಂಟು. ಆ ಸದ್ದು ಮಂಕಾದರೆ ಅಥವಾ ನಿಂತರೆ, ಹೊಸದಾಗಿ ಏದುಸಿರು ಬಂದರೆ, ಮಲಗಲಾಗದಿದ್ದರೆ ಕವಾಟದಲ್ಲಿ ಹೆಪ್ಪು ಸಿಕ್ಕಿರಬಹುದು. ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ವಸಡು ಅಥವಾ ಮೂಗಿನಿಂದ ನಿಲ್ಲದ ರಕ್ತ, ಕಪ್ಪು ಮಲ, ಕೆಂಪು ಮೂತ್ರ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಅತಿಯಾದ ಮುಟ್ಟಿನ ಸ್ರಾವ ಇವು ರಕ್ತಸ್ರಾವದ ಸೂಚನೆಗಳು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಕುಡುಗೋಲು ತಾಗಿದರೆ ಶುಭ್ರ ಬಟ್ಟೆಯಿಂದ ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು, ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಬೇಕು.

ಕೆಲವು ದಿನ ಬಿಡದ ಜ್ವರ ಮೂರನೆಯ ಸೂಚನೆ. ಕವಾಟಕ್ಕೆ ರೋಗಾಣು ಹತ್ತಿರಬಹುದು. ಕಷಾಯ ಕುಡಿಯುತ್ತ ಕೂರುವುದಾಗಲಿ, ಸಿಕ್ಕಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳುವುದಾಗಲಿ ಸಲ್ಲದು. ಜೀವಿರೋಧಕ ಆರಂಭಿಸುವ ಮುನ್ನ ರಕ್ತವನ್ನು ರೋಗಾಣು ಪರೀಕ್ಷೆಗೆ ಕಳುಹಿಸಬೇಕು. ಈ ಸೋಂಕು ಹಲ್ಲು ಮತ್ತು ವಸಡುಗಳ ದಾರಿಯಾಗಿಯೂ ಬರಬಹುದಾದುದರಿಂದ ಮೃದುವಾದ ಬ್ರಷ್‌ನಿಂದ ಬಾಯಿ ಶುದ್ಧವಾಗಿಟ್ಟುಕೊಳ್ಳಬೇಕು. ಹಲ್ಲು ಕೀಳಿಸುವ ಮುನ್ನ ಹೃದಯವೈದ್ಯರನ್ನು ಕೇಳಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು.

ತಾಯಿಯಾಗಬಯಸುವ ಹೆಣ್ಣುಮಕ್ಕಳು ಗರ್ಭ ಧರಿಸುವ ಮುನ್ನವೇ ವೈದ್ಯರ ಸಲಹೆ ಪಡೆಯಬೇಕು. ಈ ಮಾತ್ರೆ ಮೊದಲ ತಿಂಗಳುಗಳಲ್ಲಿ ಶಿಶುವಿನ ಅಂಗರಚನೆಯನ್ನು ಕೆಡಿಸಬಹುದು. ನಿಲ್ಲಿಸಿದರೆ ತಾಯಿಯ ಪ್ರಾಣಕ್ಕೆ ಅಪಾಯ. ಇದನ್ನು ಅತ್ತೆ ಮಾವಂದಿರೂ ತಿಳಿದಿರಬೇಕು.

ಹೃದಯದ ಪಂಪು

ಹೃದಯವೇ ಸೋತವರಿಗೆ ಈಗ ಎಡ ಹೃತ್ಕುಕ್ಷಿಯ ಕೆಲಸ ಮಾಡುವ ಯಾಂತ್ರಿಕ ಪಂಪನ್ನೂ ದೊಡ್ಡ ನಗರಗಳಲ್ಲಿ ಅಳವಡಿಸುತ್ತಾರೆ. ಅದರ ತಂತಿ ಹೊಟ್ಟೆಯ ಚರ್ಮದ ಮೂಲಕ ಹೊರಬಂದು ಬ್ಯಾಟರಿಗೆ ಸೇರಿರುತ್ತದೆ. ಅವರಿಗೂ ಇದೇ ಮಾತ್ರೆ, ಇದೇ ಐಎನ್‌ಆರ್. ಇದರ ಮೇಲೆ ತಂತಿಯ ದ್ವಾರದ ಸೋಂಕು, ಕರುಳಿನ ರಕ್ತಸ್ರಾವ ಮತ್ತು ವಿದ್ಯುತ್ ನಿಲುಗಡೆಯ ಚಿಂತೆ. ಪಂಪು ರಕ್ತವನ್ನು ಎಡೆಬಿಡದೆ ಹರಿಸುವುದರಿಂದ ಅವರ ಕೈಯಲ್ಲಿ ನಾಡಿ ಸಿಗದೆ ಇರಬಹುದು. ನಾಡಿಯಿಲ್ಲವೆಂದು ಪ್ರಾಣವಿಲ್ಲವೆಂದು ತಿಳಿಯಬಾರದು.

ಕಡೆಯ ಮಾತು

ಸಂಧಿವಾತ ಜ್ವರ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ತಪ್ಪಿಸದಿದ್ದರೆ ಎಷ್ಟೋ ಮಂದಿಗೆ ಕವಾಟ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಯೂ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಇರುವುದರಿಂದ ಹಣವಿಲ್ಲವೆಂದು ಮನೆಯಲ್ಲಿ ಉಳಿಯಬೇಕಿಲ್ಲ. ಈಗಾಗಲೇ ಕವಾಟ ಹೊಂದಿದವರು ನಿತ್ಯ ಪೂಜೆಯ ಹೊತ್ತಿನೊಡನೆ ಮಾತ್ರೆಯ ಹೊತ್ತನ್ನೂ ಸೇರಿಸಿಕೊಂಡರೆ ಮರೆವು ಬಾರದು. ಕಾಯಕ ಮಾಡುತ್ತ, ಮಕ್ಕಳನ್ನು ಬೆಳೆಸುತ್ತ, ದಶಕಗಳ ಕಾಲ ನೆಮ್ಮದಿಯಾಗಿ ಬಾಳುವುದು ಅವರಿಗೆ ಖಂಡಿತ ಸಾಧ್ಯ.