ರಸ್ತೆಯ ಉಪ್ಪು, ಮಕ್ಕಳ ಮೊಳೆ ಲೆಕ್ಕ

ಗ್ರೇಟರ್ ಟೊರಾಂಟೊದಲ್ಲಿ ಹಿಮ ಬಿತ್ತೆಂದರೆ ಹಿಂದೆಯೇ ರಸ್ತೆಗೆ ಉಪ್ಪು ಬೀಳುತ್ತದೆ. ಶೇ 23ರ ಉಪ್ಪುನೀರು ಸುಮಾರು ಮೈನಸ್ 21 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಜಾರದೆ ಮನೆ ಸೇರುವ ಈ ಅನುಕೂಲಕ್ಕೆ ನಾವು ತೆರುವ ಬೆಲೆ ಕಾರಿನ ತಳ ತಿನ್ನುವ ತುಕ್ಕು.

ಈ ತುಕ್ಕು ನಮ್ಮ ಮಕ್ಕಳಿಗೆ ಪಾಠವೂ ಹೌದು. ಒಂಟಾರಿಯೊದ 12ನೇ ತರಗತಿಯ ರಸಾಯನ ವಿಜ್ಞಾನದಲ್ಲಿ ಲೋಹದ ಸವೆತವೂ ಬರುತ್ತದೆ. ಇಲ್ಲಿ ಊರಿನ ಪಿಯುಸಿಯಂಥ ಬೋರ್ಡ್ ಪರೀಕ್ಷೆ ಇಲ್ಲ. ಶೇ 70 ಅಂಕ ಕೋರ್ಸ್ ಉದ್ದಕ್ಕೂ ಮಾಡಿದ ಕೆಲಸಕ್ಕೆ, ಶೇ 30 ಕೊನೆಯ ಮೌಲ್ಯಮಾಪನಕ್ಕೆ. ವಿಶ್ವವಿದ್ಯಾಲಯದ ಸೀಟಿಗೂ ಇದೇ ಅಂಕ ಬೇಕು. ಹಾಗಾಗಿ ಗೈಡ್ ಉರುಹೊಡೆದರೆ ಸಾಲದು. ಪ್ರಯೋಗವನ್ನು ತಾವೇ ಯೋಜಿಸಲು ಬರಬೇಕು.

ಪ್ರಶ್ನೆ ಸರಳ: ಉಪ್ಪು ಹೆಚ್ಚಿದಂತೆ ತುಕ್ಕೂ ಹೆಚ್ಚುತ್ತದೆಯೇ, ಎಷ್ಟು? ಮೊಳೆಯನ್ನು ನೆನೆಹಾಕಿ, ಮತ್ತೆ ತೂಗಿದರೆ ಆಯಿತು ಎಂದು ತೋರುತ್ತದೆ. ಆದರೆ ತುಕ್ಕು ಎಂದರೆ ಕಬ್ಬಿಣದ ಜೊತೆಗೆ ಗಾಳಿಯ ಆಮ್ಲಜನಕ ಮತ್ತು ನೀರು ಸೇರಿದ್ದು. ಅದು ಅಂಟಿಕೊಂಡಿದ್ದರೆ ತೂಕ ಹೆಚ್ಚುತ್ತದೆ, ಉದುರಿದರೆ ಇಳಿಯುತ್ತದೆ. ಆದ್ದರಿಂದ ತುಕ್ಕನ್ನು ನಿಂಬೆ ಉಪ್ಪಿನ ನೀರಿನಲ್ಲಿ ತೆಗೆದು, ಒಣಗಿಸಿ ತೂಗಬೇಕು. ಆ ಹುಳಿ ಒಳ್ಳೆಯ ಕಬ್ಬಿಣವನ್ನೂ ಸ್ವಲ್ಪ ತಿನ್ನುತ್ತದೆ. ಅದಕ್ಕೆ ತುಕ್ಕು ಹಿಡಿಯದ ಮೊಳೆಗಳನ್ನೂ ಹಾಗೆಯೇ ತೊಳೆದು, ಅವು ಕಳೆದುಕೊಂಡ ತೂಕವನ್ನು ಲೆಕ್ಕದಿಂದ ಬಿಡಬೇಕು.

ಮುಖ್ಯ ತೊಡಕು ತಕ್ಕಡಿಯದು. 6 ಸೆಂ.ಮೀ. ಉದ್ದ, 3 ಮಿ.ಮೀ. ದಪ್ಪದ ಮೊಳೆ ಸುಮಾರು 3.3 ಗ್ರಾಂ ತೂಗುತ್ತದೆ. ಅದು ವರ್ಷಕ್ಕೆ 0.1 ಮಿ.ಮೀ. ಆಳ ಸವೆಯುತ್ತದೆ ಎಂದುಕೊಂಡರೆ, ಎರಡು ವಾರದಲ್ಲಿ ಹೋಗುವುದು ಬರೀ 0.017 ಗ್ರಾಂ. 0.01 ಗ್ರಾಂವರೆಗಷ್ಟೇ ತೋರಿಸುವ ತಕ್ಕಡಿಯಲ್ಲಿ ಇದನ್ನು ನಂಬುವುದು ಹೇಗೆ? ಹತ್ತು ಮೊಳೆ ಒಟ್ಟಿಗೆ ತೂಗಿದರೆ ನಷ್ಟ 0.17 ಗ್ರಾಂ, ಆಗ ಅಂಕಿಗೆ ಬೆಲೆ ಬರುತ್ತದೆ.

ಉಳಿದದ್ದು ಶಿಸ್ತು. ಸತು ಲೇಪಿಸಿದ ಮೊಳೆ ಬೇಡ. ಮರಳು ಕಾಗದದಿಂದ ಉಜ್ಜಿ, ಜಿಡ್ಡು ತೆಗೆಯಬೇಕು. ಉಪ್ಪು ಶೇ 0, 1, 3.5 ಮತ್ತು 10; ಪ್ರತಿಯೊಂದಕ್ಕೂ ಬಾಯಿ ತೆರೆದ ಮೂರು ಪಾತ್ರೆ. ನೀರಿನ ಮಟ್ಟ ಮತ್ತು ಉಷ್ಣತೆ ಎಲ್ಲಕ್ಕೂ ಒಂದೇ ಇರಲಿ. ಕೊನೆಗೆ ತೂಕದ ನಷ್ಟವನ್ನು ಮೊಳೆಗಳ ಮೇಲ್ಮೈ ವಿಸ್ತೀರ್ಣ ಮತ್ತು ದಿನಗಳಿಂದ ಭಾಗಿಸಿದರೆ ಸವೆತದ ವೇಗ ಸಿಗುತ್ತದೆ.

ಶೇ 10ರಲ್ಲಿ ತುಕ್ಕು ಶೇ 3.5ಕ್ಕಿಂತ ಕಡಿಮೆ ಬಂದರೆ ಮಕ್ಕಳು ಗಾಬರಿಯಾಗಬೇಕಿಲ್ಲ. ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಅದಿಲ್ಲದೆ ತುಕ್ಕಿಲ್ಲ. "ಹೀಗೇ ಬರಬೇಕಿತ್ತು" ಎಂದು ಅಂಕಿ ತಿದ್ದುವ ಬದಲು "ಯಾಕೆ ಹೀಗೆ ಬಂತು" ಎಂದು ಬರೆದ ವರದಿಯೇ ಗಟ್ಟಿ.

ಮಂಗಳೂರಿನಲ್ಲೋ ಕಾರವಾರದಲ್ಲೋ ಇರುವ ಅಜ್ಜ-ಅಜ್ಜಿಯರೂ ಇದೇ ಅಳತೆಯಲ್ಲಿ ನಾಲ್ಕು ಪಾತ್ರೆ ಇಡಬಹುದು. ಶೇ 3.5 ಎಂದರೆ ಹೆಚ್ಚುಕಡಿಮೆ ನಿಮ್ಮ ಕಡಲಿನ ನೀರೇ. ನಿಮ್ಮ ಕೋಣೆಯ ಉಷ್ಣತೆಯನ್ನು ಮಾತ್ರ ಬರೆದಿಡಿ. ಮೊಮ್ಮಕ್ಕಳು ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ.